ಅರಿತು ಅರಿ



ಉಬ್ರಾಣಿ ಹೋಬಳಿಯ ರೈತಬಾಂಧವರಾದ ನಿಮ್ಮೆದುರು ಇಂದು ಒಂದೇ ಒಂದು ಪದವನ್ನು ಕುರಿತು ವಿಚಾರ ಮಾಡಬಯಸುತ್ತೇವೆ. ಅದು ‘ಅರಿ’ ಎಂಬ ಎರಡಕ್ಷರದ ಪದ. ಅರಿ ಎಂದರೆ ತಿಳಿ ಎಂದು ನೀವೆಲ್ಲರೂ ಹೇಳುತ್ತೀರಿ. ಅದು ಸರಿಯೇ. ಆದರೆ ಕತ್ತರಿಸು, ಕಡಿದು ಬೇರ್ಪಡಿಸು ಎಂಬ ಅರ್ಥವೂ ಉಂಟು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಎರಡನ್ನೂ ಕಾಣಬಹುದು. ಹಳಗನ್ನಡದಲ್ಲಿ ಇವು ಬೇರೆ ಬೇರೆ ಪದಗಳು. ಕತ್ತರಿಸುವ ‘ಅರಿ’ಗೆ ಸಾಮಾನ್ಯ ರಕಾರ, ತಿಳಿಯುವ ‘ಅಱಿ’ಗೆ ಶಕಟರೇಫ. ಕಾಲಕ್ರಮದಲ್ಲಿ ಶಕಟರೇಫ ಬಳಕೆ ತಪ್ಪಿತು. ಎರಡೂ ಒಂದೇ ರೂಪ ತಾಳಿದವು.

ಅಕ್ಷರ ಕೂಡಿದಂತೆ ಬಾಳಿನಲ್ಲಿಯೂ ಅವೆರಡೂ ಕೂಡಬೇಕು. ಅಡಿಕೆ ಕೊನೆ ಇಳಿಸುವವನನ್ನು ನೋಡಿರಿ. ಬಲಿತ ಗೊನೆ ಯಾವುದೆಂದು ತಿಳಿದು ಅದನ್ನಷ್ಟೇ ಕೊಯ್ಯುತ್ತಾನೆ. ತಿಳಿಯದವನು ಸುಳಿಗೆ ಕತ್ತಿ ಹಾಕಿದರೆ ಮರವೇ ಸಾಯುತ್ತದೆ. ಕತ್ತಿ ಒಂದೇ, ಕೈಯೂ ಒಂದೇ. ಅರಿವಿನಲ್ಲಿ ಮಾತ್ರ ವ್ಯತ್ಯಾಸ.

ಪೈರನ್ನು ಕೊಯ್ದು ಹಿಡಿಹಿಡಿಯಾಗಿ ನೆಲದ ಮೇಲೆ ಹಾಕುತ್ತೀರಲ್ಲ, ಅದಕ್ಕೂ ಅರಿ ಎಂದೇ ಹೆಸರು. ಆ ಅರಿಯನ್ನು ಹೊಲದಲ್ಲಿಯೇ ಬಿಟ್ಟು ಬಂದವರುಂಟೇ? ಕಟ್ಟು ಕಟ್ಟಿ ಕಣಕ್ಕೆ ತರುತ್ತೀರಿ. ಕೊಯ್ಯುವುದು ಕೂಡಿಸುವುದಕ್ಕಾಗಿ.

ಮನೆತನದ ಪಾಲಿನ ಮಾತೂ ಇದೇ. ಸಂಸಾರ ಬೆಳೆದಾಗ ಪಾಲಾಗುವುದು ತಪ್ಪಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ನಿಮ್ಮ ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಿಂದ ಬೇರೆಯಾಯಿತು. ಅಷ್ಟರಿಂದ ಆ ಕಡೆಗೆ ಹೆಣ್ಣು ಕೊಟ್ಟು ತರುವುದು ನಿಂತಿತೇ? ಗಡಿ ಬೇರೆಯಾಯಿತು, ನಂಟು ಉಳಿಯಿತು. ಹೊಲದ ಬದುವೂ ಹಾಗೆಯೇ ಇರಬೇಕು.

ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯಂತೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕುಂಟು. ಹೀಗಿದ್ದರೂ ಹಬ್ಬಕ್ಕೆಂದು ಕರೆದು, ಕುಪ್ಪಸದ ಕಣ ಕೊಟ್ಟು, ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಂಡು ತಂಗಿಯನ್ನು ಕಳಿಸುವ ಅಣ್ಣಂದಿರಿದ್ದಾರೆ. ಅವಳು ಮನಸಾರೆ ಬಿಟ್ಟುಕೊಟ್ಟರೆ ಅದು ಅವಳ ದೊಡ್ಡತನ. ಮೋಸದಿಂದ ಪಡೆದರೆ ಅದು ಸುಳಿಗೆ ಹಾಕಿದ ಕತ್ತಿ. ತವರಿನ ದಾರಿ ಅಲ್ಲಿಗೇ ಕಡಿಯುತ್ತದೆ.

ಸಂಸ್ಕೃತದ ‘ಅರಿ’ಗೆ ಶತ್ರುವೆಂದು ಅರ್ಥ. ಅರಿವಿಲ್ಲದೆ ಅರಿದರೆ ಒಡಹುಟ್ಟಿದವರೇ ಅರಿಗಳಾಗುತ್ತಾರೆ. ಆದುದರಿಂದ ಪಾಲಿನ ಪತ್ರ ಬರೆಯಿಸುವ ಮುನ್ನ ಅಕ್ಕತಂಗಿಯರನ್ನು ಕೂರಿಸಿಕೊಂಡು ಅವರ ಮನಸ್ಸನ್ನು ಕೇಳಿರಿ. ಮೊದಲು ಅರಿಯಿರಿ, ಅನಂತರ ಅರಿಯಿರಿ. ನಿಮ್ಮ ಮನೆಗಳಲ್ಲಿ ಪಾಲಾದರೂ ಪ್ರೀತಿ ಪಾಲಾಗದಿರಲಿ ಎಂದು ಹಾರೈಸುತ್ತೇವೆ.