ಷೇರು ಕೊಂಡ ದಿನವೂ ಷೇರು ಕೈಸೇರುವ ದಿನವೂ

(ರೈತರ ಸಂಜೆಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರಗಳ ಮಾತಾಡುವ ಗ್ರಾಮಸೇವಕನಿಗೆ ಷೇರುಪೇಟೆಯ ಗೊಡವೆ ಏಕೆಂದು ನೀವು ಕೇಳಬಹುದು. ಅಡಿಕೆ ಮಾರಿದ ಹಣ, ಜಮೀನಿನ ಪರಿಹಾರದ ಹಣ ಈಗ ಆ ಪೇಟೆಗೂ ಹೋಗುತ್ತಿದೆ. ಬೆವರು ಸುರಿಸಿ ಗಳಿಸಿದ ಹಣ ಹೋಗುವ ದಾರಿಯನ್ನು ನಾವು ತಿಳಿದಿರಲೇಬೇಕು.

ಮೊದಲನೆಯದು ತೀರುವಳಿ. ಸಂತೆಯಲ್ಲಿ ಎತ್ತು ಕೊಂಡರೆ ಹಗ್ಗ ಆಗಲೇ ನಿಮ್ಮ ಕೈಗೆ ಬರುತ್ತದೆ. ಷೇರು ಹಾಗಲ್ಲ. ಇಂದು ವ್ಯಾಪಾರ ಕುದುರಿದರೆ, ಪೇಟೆ ನಡೆಯುವ ಮರುದಿನ ಷೇರು ನಿಮ್ಮ ಡಿಮ್ಯಾಟ್ ಖಾತೆಗೆ ಬರುತ್ತದೆ. ಇದಕ್ಕೆ 2002ರಲ್ಲಿ ಮೂರು ದಿನ, 2003ರಿಂದ ಎರಡು ದಿನ ಹಿಡಿಯುತ್ತಿತ್ತು. 2023ರ ಜನವರಿ 27ರಿಂದ ಎಲ್ಲ ಕಂಪೆನಿಗಳ ಷೇರಿಗೂ ಒಂದು ದಿನದ ಪದ್ಧತಿ ಬಂದಿದೆ. ಶನಿವಾರ, ಭಾನುವಾರ, ರಜಾದಿನಗಳು ಲೆಕ್ಕಕ್ಕಿಲ್ಲ.

ಎರಡನೆಯದು ಲಾಭಾಂಶ. ಕಂಪೆನಿಯು ಒಂದು ದಾಖಲೆ ದಿನವನ್ನು ಗೊತ್ತುಮಾಡುತ್ತದೆ. ಅಂದು ಯಾರ ಹೆಸರಿನಲ್ಲಿ ಷೇರು ಇರುವುದೋ ಅವರಿಗೆ ಲಾಭಾಂಶ. ಗುರುವಾರ ದಾಖಲೆ ದಿನವೆನ್ನಿ. ಬುಧವಾರ ಕೊಂಡರೆ ಷೇರು ಗುರುವಾರ ನಿಮ್ಮದಾಗುತ್ತದೆ, ಲಾಭಾಂಶವೂ ನಿಮ್ಮದು. ಗುರುವಾರವೇ ಕೊಂಡರೆ ಷೇರು ಬರುವುದು ಶುಕ್ರವಾರ. ಲಾಭಾಂಶ ಮಾರಿದವನಿಗೆ ಹೋಗುತ್ತದೆ. ಇದರಲ್ಲಿ ಮೋಸವಿಲ್ಲ, ಲೆಕ್ಕವೇ ಹಾಗೆ.

ಹಾಗೆಂದು ಬುಧವಾರ ಓಡಿಹೋಗಿ ಕೊಳ್ಳುವುದೂ ಜಾಣತನವಲ್ಲ. ಫಸಲು ಇಳಿಸಿದ ತೋಟಕ್ಕೆ ಬೆಲೆ ಕಡಿಮೆ ಅಲ್ಲವೆ? ಅದರಂತೆ 200 ರೂಪಾಯಿಯ ಷೇರಿಗೆ 5 ರೂಪಾಯಿ ಲಾಭಾಂಶವಿದ್ದರೆ, ಗುರುವಾರ ಬೆಲೆಯೂ ಸುಮಾರು ಅಷ್ಟೇ ಇಳಿಯುವುದುಂಟು. ಮೇಲಾಗಿ ಲಾಭಾಂಶಕ್ಕೆ ಆದಾಯ ತೆರಿಗೆಯ ಲೆಕ್ಕವಿದೆ, ದಲ್ಲಾಳಿಯ ಖರ್ಚೂ ಇದೆ.

ಕಂಪೆನಿಯು ಲಾಭಾಂಶ ಘೋಷಿಸಿದ 30 ದಿನಗಳೊಳಗೆ ಹಣ ಕೊಡಬೇಕು. ನಿಮ್ಮ ಬ್ಯಾಂಕ್ ಖಾತೆಯ ವಿವರ ಸರಿಯಿಲ್ಲದಿದ್ದರೆ ಹಣ ನಿಂತುಹೋಗುತ್ತದೆ. ಏಳು ವರ್ಷ ಯಾರೂ ಕೇಳದಿದ್ದರೆ ಅದು ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ ಸೇರುತ್ತದೆ. ಅರ್ಜಿ ಹಾಕಿ ಮರಳಿ ಪಡೆಯಬಹುದು. ಆದರೆ ಅಲೆದಾಟ ತಪ್ಪದು.

ಮೂರನೆಯದು ದಲ್ಲಾಳಿಯ ಹೊಣೆ. ಮಂಡಿಯಲ್ಲಿ ಲೆಕ್ಕದ ಚೀಟಿ ಇಲ್ಲದೆ ಕಾಳು ಬಿಟ್ಟು ಬರುತ್ತೀರಾ? ಇಲ್ಲಿಯೂ ವ್ಯಾಪಾರವಾದ 24 ಗಂಟೆಗಳೊಳಗೆ ದಲ್ಲಾಳಿಯು ಕರಾರು ಚೀಟಿ ಕೊಡಬೇಕು. ಅದರಲ್ಲಿ ಬೆಲೆ, ಸಮಯ, ದಲಾಲಿ, ತೆರಿಗೆ, ಸೆಬಿ ನೋಂದಣಿ ಸಂಖ್ಯೆ ಇರಬೇಕು. 20,000 ರೂಪಾಯಿಯ ಷೇರು ಕೊಂಡು ಇರಿಸಿಕೊಂಡರೆ ವ್ಯವಹಾರ ತೆರಿಗೆ 20 ರೂಪಾಯಿ, ಮುದ್ರಾಂಕ ಶುಲ್ಕ 3 ರೂಪಾಯಿ. ಉಳಿದುದನ್ನು ನೀವೇ ತಾಳೆ ನೋಡಿರಿ. ದಲ್ಲಾಳಿ ತನ್ನ ಸ್ವಂತಕ್ಕೂ ವ್ಯಾಪಾರ ಮಾಡುವವನಾದರೆ ಅದನ್ನು ಗ್ರಾಹಕರಿಗೆ ತಿಳಿಸಬೇಕು. ಅವನಲ್ಲಿ ಉಳಿದ ನಿಮ್ಮ ಹಣವನ್ನು, ನೀವು ಒಪ್ಪಿದಂತೆ, ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಹಿಂದಿರುಗಿಸಬೇಕು.

ಇಷ್ಟು ನೆನಪಿಡಿ: ನಗದು ಕೇಳುವವನನ್ನೂ, ಇಷ್ಟೇ ಲಾಭ ಖಂಡಿತವೆನ್ನುವವನನ್ನೂ ಹತ್ತಿರ ಸೇರಿಸಬೇಡಿ, ಎರಡೂ ನಿಯಮಕ್ಕೆ ವಿರುದ್ಧ. ಗುಪ್ತಪದವನ್ನು ಯಾರಿಗೂ ಹೇಳಬೇಡಿ. ತಕರಾರಿದ್ದರೆ ಮೊದಲು ದಲ್ಲಾಳಿಗೆ ಬರೆದು ಕೊಡಿ, ಕಿವಿಗೊಡದಿದ್ದರೆ ಸೆಬಿಗೆ ದೂರು ಕೊಡಿ. ಚೀಟಿಗಳನ್ನು ಪಹಣಿಯ ಜೊತೆಯಲ್ಲೇ ಪೆಟ್ಟಿಗೆಯಲ್ಲಿಡಿ. ಬಿತ್ತನೆಗೆ ಇಟ್ಟ ಹಣವನ್ನು, ಬೆಳೆಸಾಲದ ಹಣವನ್ನು ಮಾತ್ರ ಆ ಪೇಟೆಗೆ ಒಯ್ಯಬೇಡಿ. ಮಳೆ ಬಂದಾಗ ನೆಲ ಕೇಳುವುದು ಬೀಜವನ್ನು.