ಗಾಲಿಯ ಮೇಲಿನ ಬಚ್ಚಲುಮನೆ

ಇವತ್ತು ನಾನು ಹೇಳಹೊರಟಿರುವುದು ಒಂದು ಬಚ್ಚಲುಮನೆಯ ಕಥೆ. ನಿಮ್ಮ ನಮ್ಮ ಮನೆಯೊಳಗಿನ ಬಚ್ಚಲಲ್ಲ, ಗಾಲಿಯ ಮೇಲೆ ಓಡಾಡುವ ಬಚ್ಚಲು.

ಸಿನಿಮಾ ಶೂಟಿಂಗ್ ನಡೆಯುವ ಕಡೆ ನಾಯಕ ನಾಯಕಿಯರಿಗೆಂದು ನಿಂತಿರುವ ಕ್ಯಾರವಾನ್ ಗಾಡಿಯನ್ನು ನೀವು ನೋಡಿರುತ್ತೀರಿ. ಹಾಸಿಗೆ, ಪುಟ್ಟ ಅಡುಗೆಕಟ್ಟೆ, ಟಾಯ್ಲೆಟ್ಟು, ಸ್ನಾನದ ಗೂಡು ಎಲ್ಲ ಅದರಲ್ಲೇ. ಕೇರಳ ಸರ್ಕಾರ 2021ರಲ್ಲಿ 'ಕೇರವಾನ್' ಅಂತ ಹೆಸರಿಟ್ಟು ಇಂಥ ಗಾಡಿಗಳಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಯೋಜನೆ ತಂದಿತು. ನಮ್ಮ ಭಾವ, ಅಂದರೆ ಅಕ್ಕನ ಯಜಮಾನರು, ಅದರ ಸುದ್ದಿ ಓದಿಯೇ ಮರುಳಾದರು. ಇದ್ದ ಕೆಲಸ ಬಿಟ್ಟು, ಬ್ಯಾಂಕಿನಲ್ಲಿ ಸಾಲ ತೆಗೆದು, ಒಂದು ಹಳೆಯ ಟಿ.ಟಿ. ಗಾಡಿ ಕೊಂಡು ಅದನ್ನು ಮನೆಯನ್ನಾಗಿ ಮಾಡಿಸಿದರು. ಬಾಡಿಗೆಗೆ ಬಿಡುತ್ತಾರೆ. ತಿಂಗಳ ಐದನೇ ತಾರೀಕಿಗೆ ಕಂತು ಕಟ್ಟಬೇಕು. ಈ ಐದನೇ ತಾರೀಕನ್ನು ನೆನಪಿಟ್ಟುಕೊಳ್ಳಿ, ಕಥೆಗೆ ಬೇಕಾಗುತ್ತದೆ.

ಅಮ್ಮನಿಗೆ ಬಹಳ ವರ್ಷಗಳಿಂದ ಸಿಂಹಾಚಲದ ಆಸೆ. ನಮ್ಮದು ನರಸಿಂಹನ ಒಕ್ಕಲು. ವಿಶಾಖಪಟ್ಟಣದ ಹತ್ತಿರದ ಆ ಬೆಟ್ಟದಲ್ಲಿ ವರಾಹ ಲಕ್ಷ್ಮೀನರಸಿಂಹ ವರ್ಷವೆಲ್ಲ ಗಂಧದ ಲೇಪನದೊಳಗೇ ಇರುತ್ತಾನೆ, ಅಕ್ಷಯ ತದಿಗೆಯ ಒಂದು ದಿನ ಮಾತ್ರ ನಿಜರೂಪ. "ನಿಜರೂಪ ಬೇಡ, ಗಂಧ ಕಂಡರೂ ಸಾಕು" ಅನ್ನುತ್ತಿದ್ದರು ಅಮ್ಮ. ಆದರೆ ಮಂಡಿನೋವು. ರೈಲಿನ ಟಾಯ್ಲೆಟ್ಟು ಅಂದರೆ ಭಯ, ಸ್ನಾನ ಮಾಡದೆ ದೇವರ ಮುಂದೆ ನಿಲ್ಲುವವರಲ್ಲ. ಗಾಡಿ ಒಂದು ವಾರ ಖಾಲಿ ಇದ್ದಾಗ ಭಾವನೇ "ನಡೀರಿ ಅತ್ತೆ, ಮನೇನೇ ತಗೊಂಡು ಹೋಗೋಣ" ಅಂದರು. ಅತ್ತೆ ಹಿಡಿದುಕೊಂಡು ನಿಲ್ಲಲಿ ಎಂದು ಹೊರಡುವ ಹಿಂದಿನ ದಿನ ಸ್ನಾನದ ಗೂಡಿನ ಗೋಡೆಗೆ ತಾವೇ ಕೈಯಾರೆ ಒಂದು ಸ್ಟೀಲ್ ಹಿಡಿಯನ್ನು ಸ್ಕ್ರೂ ಹೊಡೆದು ಕೂರಿಸಿದರು.

ಸೋಮವಾರ ಬೆಳಗಿನ ಜಾವ ಬೆಂಗಳೂರು ಬಿಟ್ಟೆವು. ಕೋಲಾರ, ಚಿತ್ತೂರು ದಾಟಿ ರಾತ್ರಿ ನೆಲ್ಲೂರು. ಮಂಗಳವಾರ ಒಂಗೋಲಿನ ಮೇಲೆ ಹಾದು ಸಂಜೆಗೆ ವಿಜಯವಾಡ ದಾಟಿದೆವು. ದುರ್ಗಮ್ಮನ ದರ್ಶನ ವಾಪಸ್ ಬರುವಾಗ ಎಂದು ಲೆಕ್ಕ. ಇನ್ನೊಂದು ಇಪ್ಪತ್ತು ಕಿಲೋಮೀಟರು ಮುಂದೆ ಗನ್ನವರಂ. ವಿಜಯವಾಡದ ವಿಮಾನ ನಿಲ್ದಾಣ ಇರುವುದು ಅಲ್ಲೇ. ಹೆದ್ದಾರಿಯ ಒಂದು ಪೆಟ್ರೋಲ್ ಬಂಕಿನವರು ರಾತ್ರಿ ಗಾಡಿ ನಿಲ್ಲಿಸಲು ಜಾಗ ಕೊಟ್ಟರು. ತಲೆಯ ಮೇಲೆ ವಿಮಾನ ಇಳಿಯುತ್ತಿತ್ತು. ಅಮ್ಮ ಸ್ನಾನಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಿಕ್ ಎಂಬ ಒಂದು ಸದ್ದು.

ಹೊರಗೆ ಬಂದ ಅಮ್ಮ ಏನೂ ಮಾತಾಡಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತರು. ಆಮೇಲೆ "ನನ್ನ ಭಾರಕ್ಕೆ ಗೋಡೆ ಒಡೀತು ಕಣೋ" ಅಂದರು ಅಳಿಯನಿಗೆ. ಹಿಡಿಯ ಕೆಳಗಿನ ಸ್ಕ್ರೂವಿನಿಂದ ಶುರುವಾಗಿ ಮೂಲೆಯ ಕಡೆಗೆ ಒಂದು ಗೇಣುದ್ದದ ಬಿರುಕು, ಕೂದಲೆಳೆಯಷ್ಟು ಸಣ್ಣದು. ಬೆರಳಲ್ಲಿ ಒತ್ತಿದರೆ ಬಾಯಿ ಬಿಡುತ್ತಿತ್ತು.

ಭಾವ ಆ ರಾತ್ರಿಯೇ ಸಾಮಾನಿನ ಡಬ್ಬಿಯಿಂದ ಸಿಲಿಕೋನ್ ಟ್ಯೂಬ್ ತೆಗೆದು ಬಿರುಕಿನ ಮೇಲೆ ಬಳಿದರು. ಅವರ ಲೆಕ್ಕ ಸರಳ. ಬುಧವಾರ ಸಿಂಹಾಚಲ, ಶುಕ್ರವಾರ ರಾತ್ರಿ ಬೆಂಗಳೂರು, ಶನಿವಾರ ಗಾಡಿ ಬಾಡಿಗೆಗೆ. ಲಕ್ವ ಹೊಡೆದು ಎದ್ದ ತಂದೆಯನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗುವ ಒಂದು ಮನೆಯವರು ಮುಂಗಡ ಕೊಟ್ಟಿದ್ದರು. ಆ ದುಡ್ಡು ಬಂದರೆ ಐದನೇ ತಾರೀಕಿನ ಕಂತು. "ಬಿಳಿ ಗೋಡೆ, ಬಿಳಿ ಸಿಲಿಕೋನು, ಯಾರಿಗೂ ಕಾಣಲ್ಲ" ಅಂದರು. ನಾನೂ ಹೂಂ ಅಂದೆ. ಸುಳ್ಳು ಯಾಕೆ ಹೇಳಲಿ, ನನಗೂ ಬೇಗ ಮುಂದೆ ಹೋಗಬೇಕಿತ್ತು.

ಬೆಳಗ್ಗೆ ಅಮ್ಮ ಗೋಡೆ ಮುಟ್ಟದೆ, ಕೂತು ಚೊಂಬಿನಲ್ಲಿ ನೀರು ಹುಯ್ದುಕೊಂಡರು. ಆದರೂ ಪಕ್ಕದ ಬಟ್ಟೆ ಕಪಾಟಿನೊಳಗಿಂದ ನೀರು ಜಿನುಗಿತು. ಆಗ ಬಂಕಿನ ಹುಡುಗನೇ ಹೇಳಿದ, ವಿಜಯವಾಡಕ್ಕೆ ಹಿಂತಿರುಗಿ, ಆಟೋನಗರಕ್ಕೆ ಹೋಗಿ ಅಂತ.

ಜವಾಹರ್ ಆಟೋನಗರ ನೋಡಿಯೇ ತಿಳಿಯಬೇಕು. ನಮ್ಮ ಕಲಾಸಿಪಾಳ್ಯದ ಗ್ಯಾರೇಜುಗಳನ್ನು ನೂರು ಪಟ್ಟು ಹಿಗ್ಗಿಸಿದ ಹಾಗೆ. ಲಾರಿ ಬಾಡಿ ಕಟ್ಟುವವರದೇ ಒಂದು ಬೀದಿ, ಸ್ಪ್ರಿಂಗ್ ಪ್ಲೇಟಿನವರದು ಇನ್ನೊಂದು, ರೇಡಿಯೇಟರಿನವರದು ಮತ್ತೊಂದು. ಬೋರ್ಡು ಓದುವುದು ನಮಗೆ ಕಷ್ಟವಲ್ಲ, ತೆಲುಗಿನ ತಲಕಟ್ಟು ತೆಗೆದು ನಮ್ಮ ತಲೆಕಟ್ಟು ಹಾಕಿಕೊಂಡರೆ ಮುಕ್ಕಾಲು ಪಾಲು ಕನ್ನಡವೇ. ಕೇಳಿಕೊಂಡು ಕೇಳಿಕೊಂಡು ಒಬ್ಬ ಫೈಬರ್ ಮೇಸ್ತ್ರಿಯ ಶೆಡ್ಡಿಗೆ ಬಂದೆವು. ಅರವತ್ತು ದಾಟಿದ ಮನುಷ್ಯ. ವಿಶಾಖಪಟ್ಟಣದ ಮೀನುಗಾರಿಕೆ ಬಂದರಿನಲ್ಲಿ ದೋಣಿ ರಿಪೇರಿ ಮಾಡಿ ಕೈ ಪಳಗಿಸಿದವರು. 2004ರ ಸುನಾಮಿಯಲ್ಲಿ ಮರದ ದೋಣಿ ಕಳೆದುಕೊಂಡವರಿಗೆ ಫೈಬರ್ ದೋಣಿಗಳು ಬಂದ ಮೇಲೆ ಪೂರ್ವ ಕರಾವಳಿಯಲ್ಲಿ ಈ ಕೆಲಸ ಬಲ್ಲವರಿಗೆ ಬಿಡುವೇ ಇರಲಿಲ್ಲವಂತೆ.

ಇಲ್ಲಿ ನನ್ನ ಕನ್ನಡ ಬಿ.ಎ. ಪದವಿಯ ಪ್ರತಾಪ ಹೇಳಲೇಬೇಕು. ಮೇಸ್ತ್ರಿ ಗೋಡೆ ನೋಡಿ "ಪಗುಲು" ಅಂತ ಏನೋ ಕೇಳಿದರು. ನನಗೆ ಕೇಳಿಸಿದ್ದು 'ಪಗಲು'. ತೆಲುಗಿನ ಪಕಾರ ಕನ್ನಡದಲ್ಲಿ ಹಕಾರ, ಪಾಲು ಹಾಲು, ಪುಲಿ ಹುಲಿ, ಪಾಮು ಹಾವು. ಹಾಗಾದರೆ ಪಗಲು ಅಂದರೆ ಹಗಲು! "ಇಲ್ಲ, ಆಗಿದ್ದು ರಾತ್ರಿ" ಅಂತ ಗಂಭೀರವಾಗಿ ಉತ್ತರ ಕೊಟ್ಟೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಬಿರುಕಿನ ಮೇಲೆ ಬೆರಳಿಟ್ಟು ನಿಧಾನವಾಗಿ "ಪ-ಗು-ಲು" ಅಂದರು. ಪಗುಲು ಅಂದರೆ ಬಿರುಕು.

ಮೊದಲು ಅವರು ಬೈದದ್ದು ಸಿಲಿಕೋನಿಗೆ. ಸಿಲಿಕೋನು ತಾಕಿದ ಕಡೆ ರೆಸಿನ್ ಹಿಡಿಯುವುದಿಲ್ಲ, ಒಂದು ಎಳೆ ಉಳಿದರೂ ತೇಪೆ ಎದ್ದು ಬರುತ್ತದೆ. ಬ್ಲೇಡಿನಿಂದ ಕೆರೆದು, ಒರೆಸಿ, ಮತ್ತೆ ಉಜ್ಜುವುದಕ್ಕೇ ಒಂದು ಗಂಟೆ ಹಿಡಿಯಿತು. ಆಮೇಲೆ ಅಸಿಟೋನ್ ಅದ್ದಿದ ಬಟ್ಟೆಯನ್ನು ಕಾಣದ ಒಂದು ಮೂಲೆಗೆ ತಿಕ್ಕಿದರು. ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ ಆಗಿದ್ದರೆ ಅಲ್ಲಿ ಕರಗಿ ಅಂಟಂಟಾಗುತ್ತದೆ, ಅದನ್ನು ಬೆಸೆಯುವ ರೀತಿಯೇ ಬೇರೆ. ಅಂಟಾಗಲಿಲ್ಲ, ಅಂದರೆ ಗಾಜಿನ ನಾರಿನ ಫೈಬರ್. ಅಂದ ಹಾಗೆ, ನಿಮ್ಮ ಮನೆ ತಾರಸಿಯ ಕಪ್ಪು ನೀರಿನ ಟ್ಯಾಂಕು ಈ ಎರಡೂ ಅಲ್ಲ, ಅದು ಪಾಲಿಥೀನ್. ಅದಕ್ಕೆ ಈ ರೆಸಿನ್ ಬಳಿದು ದುಡ್ಡು ಹಾಳು ಮಾಡಬೇಡಿ. ಕಾಯಿಸಿಯೇ ಬೆಸೆಯಬೇಕು.

ನಂತರ ಗೆಣ್ಣಿನಿಂದ ಗೋಡೆಯನ್ನು ತಟ್ಟುತ್ತ ಹೋದರು. ಟಕ್ ಟಕ್, ಟಕ್ ಟಕ್. ಹಿಡಿಯ ಹತ್ತಿರ ಬಂದಾಗ ಸದ್ದು ಡಬ್ ಡಬ್ ಆಯಿತು. ಕಪಾಟಿನ ಹಿಂಬದಿಯ ಹಲಗೆ ಬಿಚ್ಚಿದರೆ ಅಲ್ಲಿ ಗೋಡೆಗೆ ಯಾವ ಆಸರೆಯೂ ಇಲ್ಲ. ಮೂರು ಮಿಲಿಮೀಟರಿನ ಹಾಳೆ, ಅದರ ಹಿಂದೆ ಬರೀ ಗಾಳಿ. ಆ ಹಾಳೆಗೇ ಭಾವ ಸ್ಕ್ರೂ ಹೊಡೆದಿದ್ದರು. ಗಾಡಿ ಪ್ರತಿ ಹಂಪಿನಲ್ಲಿ ಕುಲುಕುವಾಗಲೂ ಆ ತೂತಿನ ಅಂಚು ತಿರುಚಿಕೊಳ್ಳುತ್ತಿತ್ತು. ಏಳುನೂರು ಕಿಲೋಮೀಟರು ದಾರಿ ಬಿರುಕಿನ ಕೆಲಸವನ್ನು ಮುಗಿಸಿಯೇಬಿಟ್ಟಿತ್ತು, ಅಮ್ಮ ಹಿಡಿದದ್ದು ಕೊನೆಯ ನೆಪ.

ನಾನು ಇದನ್ನು ಅಮ್ಮನಿಗೆ ಹೇಳಿದೆ. ನಂಬಲಿಲ್ಲ. ಮೇಸ್ತ್ರಿಯೇ ಅಮ್ಮನನ್ನು ಕರೆದು, ಅದೇ ದಪ್ಪದ ಒಂದು ತುಂಡು ಹಾಳೆಯನ್ನು ಎರಡು ಇಟ್ಟಿಗೆಗಳ ಮೇಲಿಟ್ಟು ಒತ್ತಿ ತೋರಿಸಿದರು, ಬಾಗಿತು. ಅಡಿಗೆ ಹಲಗೆ ಕೊಟ್ಟು ತಾವೇ ಹತ್ತಿ ನಿಂತರು, ಅಲ್ಲಾಡಲಿಲ್ಲ. ತೆಲುಗು ಬಾರದ ಅಮ್ಮನಿಗೆ ಅರ್ಥವಾಯಿತು. ಅವರ ಮುಖದ ಮೇಲಿದ್ದದ್ದು ಆಗ ಇಳಿಯಿತು.

ಭಾವ ಮಾತ್ರ ಗಡಿಯಾರ ನೋಡುತ್ತಿದ್ದರು. "ಈಗಲೇ ಮುಚ್ಚಿ ಕೊಡಿ, ಮಧ್ಯಾಹ್ನ ಹೊರಡ್ತೀವಿ." ಮೇಸ್ತ್ರಿ ಕಪಾಟಿನ ತಳದ ಪ್ಲೈವುಡ್ಡಿಗೆ ಸ್ಕ್ರೂಡ್ರೈವರ್ ಚುಚ್ಚಿದರು, ತುದಿ ಒದ್ದೆಯಾಗಿ ಬಂತು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರ ಮುಳುಗಿದಾಗ ಅವರ ಮನೆಯೂ ನೀರಿನಲ್ಲಿತ್ತಂತೆ. ಕಪಾಟುಗಳು ಮೇಲೆ ಒಣಗಿದ ಹಾಗೆ ಕಂಡವು, ಬಣ್ಣ ಹೊಡೆಸಿದರು, ಕೆಲವೇ ತಿಂಗಳಲ್ಲಿ ಒಳಗಿನಿಂದ ಪದರ ಪದರವಾಗಿ ಬಿಚ್ಚಿಕೊಂಡವು. "ಒಂದು ರಾತ್ರಿ ಫ್ಯಾನಿಟ್ಟು ಒಣಗಿಸದೆ ನಾನು ಮುಟ್ಟುವುದಿಲ್ಲ" ಅಂದರು. ಆಮೇಲೆ ಕೇಳಿದರು, "ನಿಮ್ಮ ನಂತರ ಈ ಹಿಡಿಯನ್ನು ಯಾರು ಹಿಡೀತಾರೆ?"

ಭಾವ ಉತ್ತರ ಕೊಡಲಿಲ್ಲ. ಲಕ್ವ ಹೊಡೆದ ಆ ಮನುಷ್ಯ ನಮ್ಮೆಲ್ಲರ ಕಣ್ಣ ಮುಂದೆ ಬಂದರು. ಅಮ್ಮನೇ ಅಂದರು, "ಸಿಂಹಾಚಲ ಎಲ್ಲೂ ಹೋಗಲ್ಲ. ಒಣಗಲಿ."

ಆ ಸಂಜೆ ಆಟೋ ಹಿಡಿದು ಇಂದ್ರಕೀಲಾದ್ರಿಗೆ ಹೋಗಿ ದುರ್ಗಮ್ಮನನ್ನು ನೋಡಿಬಂದೆವು. ರಾತ್ರಿ ಲಾಡ್ಜ್. ಗುರುವಾರ ಬೆಳಗ್ಗೆ ಶೆಡ್ಡಿಗೆ ಬಂದರೆ ಮೇಸ್ತ್ರಿಯ ರೇಡಿಯೋದಲ್ಲಿ ಆಕಾಶವಾಣಿ ವಿಜಯವಾಡ. 1948ರ ಡಿಸೆಂಬರ್ 1ರಂದು ಶುರುವಾದ ಕೇಂದ್ರ. ನಾನೂ ಮೈಕಿನ ಮುಂದೆ ಕೂರುವವಳು ಎಂದಾಗ ಅವರು ವಾಲ್ಯೂಮ್ ಜಾಸ್ತಿ ಮಾಡಿದರು. 'ಆಕಾಶವಾಣಿ' ಎಂಬ ಹೆಸರು ಮೈಸೂರಿನಲ್ಲಿ ಗೋಪಾಲಸ್ವಾಮಿಯವರು 1935ರಲ್ಲಿ ತೆರೆದ ಖಾಸಗಿ ಕೇಂದ್ರದ್ದು ಎಂದು ನಾನು ಹೇಳದೆ ಬಿಡಲಿಲ್ಲ!

ಕೆಲಸ ಹೀಗೆ ನಡೆಯಿತು. ಬಿರುಕಿನ ಎರಡು ತುದಿಗಳಲ್ಲೂ ಮೂರು ಮಿಲಿಮೀಟರಿನ ಒಂದೊಂದು ತೂತು. ಚೂಪು ತುದಿ ಇರುವವರೆಗೆ ಬಿರುಕು ಮುಂದೆ ಹರಿಯುತ್ತಲೇ ಇರುತ್ತದೆ, ಗುಂಡು ತೂತಿಗೆ ಬಂದರೆ ಅಲ್ಲಿಗೆ ನಿಲ್ಲುತ್ತದೆ. ಗೋಡೆಯ ಬೆನ್ನಿನ ಕಡೆ ಸುತ್ತಲೂ ಒಂದು ಅಂಗೈ ಅಗಲ ಒರಟು ಕಾಗದದಿಂದ ಉಜ್ಜಿದರು. ರೆಸಿನ್‌ಗೆ ಹಾರ್ಡನರ್ ಹಾಕಿದ್ದು ತೂಕದ ಲೆಕ್ಕದಲ್ಲಿ ನೂರಕ್ಕೆ ಒಂದರಷ್ಟು, ಮೇ ತಿಂಗಳ ವಿಜಯವಾಡದ ಬಿಸಿಲಿಗೆ ಅಷ್ಟೇ ಸಾಕಂತೆ, ಜಾಸ್ತಿಯಾದರೆ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಹಾರ್ಡನರ್ ಮತ್ತು ಕೋಬಾಲ್ಟ್ ಎಂಬ ನೇರಳೆ ದ್ರವ ಎರಡನ್ನೂ ಶೆಡ್ಡಿನ ಬೇರೆ ಬೇರೆ ಮೂಲೆಗಳಲ್ಲಿ ಇಟ್ಟಿದ್ದರು. ಅವೆರಡು ನೇರವಾಗಿ ಬೆರೆತರೆ ಬೆಂಕಿ, ಸ್ಫೋಟ. ಹಾರ್ಡನರ್ ಒಂದು ಹನಿ ಸಿಡಿದರೂ ಕಣ್ಣು ಹೋಗಬಹುದು. ಮನೆಯಲ್ಲಿ ಮಾಡಲು ಹೊರಡುವ ಉತ್ಸಾಹಿಗಳು ಇದನ್ನು ದಯವಿಟ್ಟು ಗಮನಿಸಿ.

ಗಾಜಿನ ನಾರಿನ ಮ್ಯಾಟನ್ನು ಮೂರು ಪದರ, ಒಂದಕ್ಕಿಂತ ಒಂದು ದೊಡ್ಡದಾಗಿ, ರೆಸಿನ್‌ನಲ್ಲಿ ನೆನೆಸಿ, ಗಾಳಿಗುಳ್ಳೆ ಉಳಿಯದಂತೆ ಬ್ರಷ್ಷಿನಿಂದ ಕುಟ್ಟಿ ಕೂರಿಸಿದರು. ಅದರ ಮೇಲೆ ಹಿಡಿ ಬರುವ ಜಾಗಕ್ಕೆ ನೀರು ತಡೆಯುವ ಮರೀನ್ ಪ್ಲೈ ಹಲಗೆ, ಹಲಗೆಯ ಮೇಲೂ ಮತ್ತೆ ಮ್ಯಾಟು. ಮುಂದಿನ ಕಡೆ ಬಿರುಕನ್ನು ಗೀರಿ ಅಗಲ ಮಾಡಿ ಬಿಳಿ ಜೆಲ್‌ಕೋಟ್ ತುಂಬಿದರು. ಬಳಿಯುತ್ತಿದ್ದುದನ್ನು ನೋಡುತ್ತ ಅಮ್ಮ, "ಸಿಂಹಾಚಲದಪ್ಪನಿಗೂ ಹೀಗೇ ಬಳೀತಾರೇನೋ" ಅಂದರು. ಗಟ್ಟಿಯಾದ ಮೇಲೆ ನೀರುಕಾಗದದಿಂದ ಉಜ್ಜಿ ಪಾಲಿಶ್. ಹಿಡಿಯನ್ನು ಈ ಸಲ ಸ್ಕ್ರೂ ಅಲ್ಲ, ಹಲಗೆಯ ಆಚೆಗೆ ಹೋಗುವ ಬೋಲ್ಟಿನಲ್ಲಿ ಬಿಗಿದರು. ಸಿಲಿಕೋನು ಬಂದದ್ದು ಆಗ, ಬೋಲ್ಟಿನ ಸುತ್ತಲಿನ ಸಂದಿಗೆ ಮಾತ್ರ. ಅದರ ಜಾಗ ಅಷ್ಟೇ.

ಶುಕ್ರವಾರ ಬೆಳಗ್ಗೆ ಬೆಂಗಳೂರಿನ ಕಡೆ ತಿರುಗಿದೆವು. ಭಾವ ದಾರಿಯಲ್ಲಿ ಆ ಮನೆಯವರಿಗೆ ಫೋನ್ ಮಾಡಿ, ಗೋಡೆ ಒಡೆದದ್ದು, ಕಟ್ಟಿಸಿದ್ದು ಎಲ್ಲ ಹೇಳಿ, ರೆಸಿನ್ ವಾಸನೆ ಹೋಗಲು ಎರಡು ದಿನ ಬೇಕು, ಸೋಮವಾರ ಹೊರಡಬಹುದೇ ಎಂದು ಕೇಳಿದರು. ಅವರು ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಅಂದರು. ಮುಂಗಡ ವಾಪಸ್ ಹೋಯಿತು. ಆ ತಿಂಗಳ ಕಂತಿಗೆ ಅಕ್ಕನ ಬಳೆ ಅಡವಿಟ್ಟರು, ಆಮೇಲೆ ಬಿಡಿಸಿಕೊಂಡರು.

ಸಿಂಹಾಚಲ ಇನ್ನೂ ಬಾಕಿ ಇದೆ. ಅಮ್ಮ ಗಾಡಿಯಲ್ಲೇ ಬರುತ್ತೇನೆ ಅನ್ನುತ್ತಾರೆ. ಈಗ ಅದರಲ್ಲಿ ಸ್ನಾನಕ್ಕೆ ಹೋಗುವ ಮುನ್ನ ಅಮ್ಮ ಗೆಣ್ಣಿನಿಂದ ಗೋಡೆ ತಟ್ಟಿ ನೋಡುತ್ತಾರೆ. ಟಕ್ ಟಕ್ ಅಂದರೆ ಬಾಗಿಲು ಹಾಕಿಕೊಳ್ಳುತ್ತಾರೆ.