ಹನ್ನೊಂದನೆಯ ತರಗತಿಯಲ್ಲೇ ಮುಚ್ಚುವ ಬಾಗಿಲು



ದಿಲ್ಲಿ ವಿಶ್ವವಿದ್ಯಾಲಯವೆಂದೊಡನೆ ನಮ್ಮ ಹಿರಿಯರು ಇಂದಿಗೂ ಕೇಳುವುದು ಹನ್ನೆರಡನೆಯ ತರಗತಿಯ ಶೇಕಡಾವಾರು ಅಂಕವನ್ನೇ. 2021ರಲ್ಲಿ ಅಲ್ಲಿಯ ಕೆಲವು ಕಾಲೇಜುಗಳ ಕಟ್‌ಆಫ್ ಶೇ. 100ನ್ನು ಮುಟ್ಟಿತ್ತು, ಆ ಭಯ ಇನ್ನೂ ಇಳಿದಿಲ್ಲ. ಆದರೆ 2022ರಿಂದ ಬಹುತೇಕ ಪದವಿ ಪ್ರವೇಶಕ್ಕೆ ಸಿಯುಇಟಿ ಅಂಕಗಳೇ ಆಧಾರ. ನೃತ್ಯ, ಚರ್ಚಾಸ್ಪರ್ಧೆ, ಕ್ರೀಡೆಗಳಿಗೆ ಪ್ರತ್ಯೇಕ ಕೋಟಾ ಉಂಟು. ಸಾಮಾನ್ಯ ಪಟ್ಟಿಯಲ್ಲಿ ಆ ಪ್ರಮಾಣಪತ್ರಗಳಿಗೆ ತೂಕವಿಲ್ಲ.

ಅಂಕಕ್ಕೂ ಮೊದಲು ಅವರು ನೋಡುವುದು ವಿಷಯಗಳ ಜೋಡಣೆಯನ್ನು. ಹನ್ನೆರಡನೆಯ ತರಗತಿಯಲ್ಲಿ ಓದಿದ ವಿಷಯಗಳಲ್ಲೇ ಸಿಯುಇಟಿ ಬರೆದಿರಬೇಕು. ಬಿ.ಕಾಂ. ಆನರ್ಸ್‌ಗೆ ಗಣಿತ ಇಲ್ಲವೇ ಲೆಕ್ಕಶಾಸ್ತ್ರ ಸಾಕು. ಅರ್ಥಶಾಸ್ತ್ರ ಆನರ್ಸ್‌ಗೆ ಗಣಿತವೇ ಆಗಬೇಕು. ನಮ್ಮ ವ್ಯಾಪಾರಿ ಮನೆಗಳಲ್ಲಿ ವಾಣಿಜ್ಯ ವಿಭಾಗ ಸೇರಿದ ಮಗಳಿಗೆ, “ಲೆಕ್ಕಶಾಸ್ತ್ರ ಇದೆಯಲ್ಲ, ಗಣಿತ ಏಕಮ್ಮಾ?” ಎಂದುಬಿಡುತ್ತೇವೆ. ಮಗನಿಗೆ ಹಾಗೆನ್ನುವವರು ವಿರಳ. ಇದನ್ನೂ ಈ ಸಭೆಯಲ್ಲಿ ಹೇಳಲೇಬೇಕು. ಅವಳ ಹದಿನಾರನೆಯ ವಯಸ್ಸಿನಲ್ಲಿ ಆಡಿದ ಆ ಮಾತು ಎರಡು ವರ್ಷಗಳ ತರುವಾಯ ಅವಳ ಅರ್ಜಿಯನ್ನು ಹೊಸ್ತಿಲಲ್ಲೇ ತಡೆಯುತ್ತದೆ. ಆಗ ಎಷ್ಟು ಅಂಕ ಬಂದಿದ್ದರೂ ಪ್ರಯೋಜನವಿಲ್ಲ.

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರವೇ ವಿಶ್ವವಿದ್ಯಾಲಯದ ಅರ್ಹತಾ ನಿಯಮಗಳನ್ನು ಮಗಳೊಡನೆ ಕುಳಿತು ಓದಿರಿ. ವಿಷಯಗಳನ್ನು ಅವಳು ಅನಂತರ ಆರಿಸಲಿ.